ನಿಂತು ಉಣ್ಣುತ್ತಿದ್ದ ಅಪ್ಪ

ನಮ್ಮ ಮನೆಯಲ್ಲಿ ಅಪ್ಪ ನಿಂತೇ ಉಣ್ಣುತ್ತಿದ್ದ. ಅಡುಗೆಮನೆಯ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಮಾಡವಿತ್ತು. ಮೊದಲು ಅದರಲ್ಲಿ ಚಿಮಣಿ ಇಡುತ್ತಿದ್ದರು, ಕರೆಂಟು ಬಂದ ಮೇಲೆ ಅದು ಅಪ್ಪನ ಗಂಗಾಳದ ಜಾಗವಾಯಿತು. ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಅಲ್ಲಿಟ್ಟರೆ ಅಪ್ಪ ಗೋಡೆಗೆ ಭುಜ ಕೊಟ್ಟು ನಿಂತು ಉಣ್ಣುವನು. ನಾನೂ ತಂಗಿಯೂ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಿದ್ದೆವು. ನೆಂಟರು ಯಾರಾದರೂ ಬಂದು, "ಯಾಕ ಮಾವ, ಕುಂತು ಉಣ್ಣಬಾರದಾ?" ಎಂದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು.

"ಹಮಾಲಿ ಕುಂತ್ರ ಬಜಾರ ಕುಂದರ್ತೈತಿ."

ನಾನು ಚಿಕ್ಕವನಿದ್ದಾಗ ಅವನು ಎಲ್ಲರ ಹಾಗೆ ನೆಲದ ಮೇಲೆ ಕುಳಿತೇ ಉಣ್ಣುತ್ತಿದ್ದ. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನಿಲ್ಲಲು ಶುರುಮಾಡಿದ. ಹಗ್ಗ ಹೆಣೆದ ಹೊರಸಿನ ಮೇಲೆ ಕೂಡುತ್ತಿದ್ದ, ಕಟ್ಟೆಯ ಮೇಲೆ ಕೂಡುತ್ತಿದ್ದ, ಆದರೆ ಅಲ್ಲಿ ಉಣ್ಣುತ್ತಿರಲಿಲ್ಲ. ಹೊರಸಿನ ಮೇಲೆ ಕುಳಿತು ಉಣ್ಣುವವರು ಬೇನೆ ಬಿದ್ದವರು ಎಂಬುದು ನಮ್ಮ ಕಡೆಯ ಲೆಕ್ಕ. ಅಪ್ಪ ಬೇನೆ ಬಿದ್ದವನಲ್ಲವಲ್ಲ! ಅವನ ಮಾತನ್ನು ನಾನು ಶಾಲೆಯಲ್ಲಿ ಹೇಳಿ ಜಂಬ ಕೊಚ್ಚಿದ್ದೂ ಉಂಟು. ಅದನ್ನು ನಂಬುವುದು ನನಗೆ ಸುಲಭವಾಗಿತ್ತು, ನಂಬಿದ್ದೆ.

ಅಪ್ಪ ಹಮಾಲಿ, ನಾನೂ ಹಮಾಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ಪೇಟೆಗಳಲ್ಲಿ ಒಂದು ನಮ್ಮದು. ಯಾವುದೆಂದು ಬರೆಯುವುದಿಲ್ಲ. ಆಗ ಅಂಗಡಿಯ ಗಾದಿಯ ಮೇಲೆ ಕುಳಿತವರ ಮಕ್ಕಳು ಈಗಲೂ ಅಲ್ಲೇ ಕುಳಿತಿದ್ದಾರೆ, ನಾನೂ ಅಲ್ಲೇ ಚೀಲ ಹೊರುತ್ತಿದ್ದೇನೆ. ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಬೇಕು.

ಆಗ ಚೀಲವೆಂದರೆ ಕ್ವಿಂಟಲ್ ಚೀಲ. ನೂರು ಕಿಲೋ ಮೆಕ್ಕೆಜೋಳ ತುಂಬಿ, ಬಾಯಿ ಹೊಲಿದ ಗೋಣಿ. ಇಬ್ಬರು ಎರಡು ಕಡೆ ಹಿಡಿದು ಎತ್ತಿ ಬೆನ್ನಿಗೆ ಕೊಡಬೇಕು, ಒಬ್ಬ ಅದನ್ನು ಹೊತ್ತು ಓರೆಯಾಗಿ ಇಟ್ಟ ಹಲಗೆಯ ಮೇಲೆ ಲಾರಿ ಹತ್ತಬೇಕು. ಆ ಹಲಗೆ ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ. ಎಲ್ಲರೂ ಕಾಲು ನೋಡಿಕೊಂಡು ಹತ್ತಿದರೆ ಅಪ್ಪ ಮುಂದೆ ನೋಡಿಕೊಂಡು ಹತ್ತುತ್ತಿದ್ದ. ಒಮ್ಮೆ ಹಲಗೆಯ ನಟ್ಟನಡುವೆ, ಬೆನ್ನ ಮೇಲೆ ಕ್ವಿಂಟಲ್ ಇರುವಾಗಲೇ ನಿಂತು, ಕೆಳಗಿದ್ದವನಿಗೆ "ಲೇ, ಒಂದು ಬೀಡಿ ಹಚ್ಚಿ ಬಾಯಾಗ ಇಡಲೇ" ಎಂದಿದ್ದನಂತೆ. ಈ ಕತೆ ಐದು ಪೇಟೆಗೂ ಗೊತ್ತು. ಹಡಗಲಿಯ ಹಮಾಲಿಯೊಬ್ಬ ನನಗೇ ಇದನ್ನು ಹೇಳಿ, "ಅಂಥ ಗಂಡಸು ಈಗೆಲ್ಲಿ ಸಿಗ್ತಾನ?" ಎಂದು ಕೇಳಿದ್ದ. "ನಮ್ಮ ಮನ್ಯಾಗ ಸಿಗ್ತಾನ, ಬಾ" ಎಂದಿದ್ದೆ.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾನೂ ಅವನ ಹಿಂದೆ ನಡೆದೆ. ಟವೆಲನ್ನು ಕತ್ತಿನ ಹಿಂದೆ ಹೇಗೆ ಮಡಿಸಿಟ್ಟುಕೊಳ್ಳಬೇಕು, ಯಾವಾಗ ಉಸಿರು ಹಿಡಿಯಬೇಕು, ಯಾವಾಗ ಬಿಡಬೇಕು ಎಲ್ಲ ಅವನೇ ಕಲಿಸಿದ. "ಭಾರ ಹೊರೋದು ಬೆನ್ನಲ್ಲಲೇ, ಉಸಿರು" ಎನ್ನುತ್ತಿದ್ದ. ಹಮಾಲಿ ಎಂಬುದನ್ನು ಬೈಗುಳವಾಗಿ ಆಡುವವರಿದ್ದಾರೆ. ಅಂಥವರು ಮನೆಯ ಗ್ಯಾಸ್ ಸಿಲಿಂಡರನ್ನು ಹೊಸ್ತಿಲು ದಾಟಿಸಲು ಪಕ್ಕದ ಮನೆಯವನನ್ನು ಕೂಗುವುದನ್ನು ನಾನು ಕಂಡಿದ್ದೇನೆ. ನಮ್ಮದು ಕಲಿತು ಮಾಡುವ ಕೆಲಸ, ಕಲಿಯದೆ ಹೊತ್ತವನು ಮೂರೇ ದಿನಕ್ಕೆ ಮನೆ ಸೇರುತ್ತಾನೆ.

ನನಗೆ ಮೂವತ್ತಾಗುವ ಹೊತ್ತಿಗೆ ಐದೂ ಪೇಟೆಯ ಹಮಾಲರು ಸೇರಿ ಒಂದು ಮಾತು ಎತ್ತಿದರು. ಚೀಲ ಐವತ್ತು ಕಿಲೋದ್ದಾಗಬೇಕು. ಬೇರೆ ಕಡೆ ಆಗಲೇ ಆಗಿದೆ, ನಮ್ಮಲ್ಲಿ ಯಾಕಾಗಬಾರದು? ಬರೆಯಲು ಬರುವವನು ಎಂದು ಅರ್ಜಿ ಬರೆಯುವ ಕೆಲಸ ನನಗೆ ಬಂತು. ನನ್ನ ಎಡ ಮೊಣಕಾಲು ಆಗಲೇ ಕಟಕಟ ಎನ್ನತೊಡಗಿತ್ತು, ಹೀಗಾಗಿ ಸ್ವಲ್ಪ ಮನಸಿಟ್ಟೇ ಬರೆದೆ.

ಅಂಗಡಿಯವರು ಬೇಡವೆಂದರು, ಅದು ಗೊತ್ತಿದ್ದದ್ದೇ. ಚೀಲ ಎರಡಾಗುತ್ತದೆ, ಹೊಲಿಗೆ ಎರಡಾಗುತ್ತದೆ, ತೂಕ ಎರಡು ಸಲವಾಗುತ್ತದೆ ಎಂದರು. ಆದರೆ ಅವರಿಗಿಂತ ಜೋರಾಗಿ ಬೇಡವೆಂದವನು ನನ್ನ ಅಪ್ಪ.

"ಅರ್ಧ ಚೀಲ ಹೊರಾಕ ನಾ ಏನು ಅರ್ಧ ಮನಷ್ಯಾನೇನಲೇ? ನಾಳಿಗೆ ಚೀಲಕ್ಕ ಜೋಲಿ ಕಟ್ರಿ, ತೂಗಿ ಮಲಗಿಸ್ರಿ."

ಹಳೆಯ ಹಮಾಲರೆಲ್ಲ ಅವನ ಕಡೆಗೆ ನಿಂತರು. ಕ್ವಿಂಟಲ್ ಹೊರುವುದು ಅವರಿಗೆ ಬರೀ ಕೂಲಿಯಾಗಿರಲಿಲ್ಲ, ಊರಲ್ಲಿ ತಲೆಯೆತ್ತಿ ತಿರುಗುವ ಹಕ್ಕಾಗಿತ್ತು. ಅದನ್ನು ಅರ್ಧ ಮಾಡಿ ಎಂದರೆ ಮೀಸೆ ಅರ್ಧ ಬೋಳಿಸಿಕೊಳ್ಳಿ ಎಂದ ಹಾಗೆ. ಮನೆಯಲ್ಲಿ ಅಪ್ಪನಿಗೂ ನನಗೂ ಮಾತು ನಿಂತಿತು. ಒಂದು ದಿನ ಸಿಟ್ಟು ತಡೆಯದೆ, ಅವನು ಉಣ್ಣುತ್ತಿರುವಾಗಲೇ ಅಂದುಬಿಟ್ಟೆ. "ಕೊಡಲಿ ಕಾವು ಕುಲಕ್ಕ ಮೃತ್ಯು ಅಂತಾರಲ್ಲ, ಹಂಗಾತು ನಿಂದು." ಅಪ್ಪ ಅರ್ಧ ರೊಟ್ಟಿ ಗಂಗಾಳದಲ್ಲೇ ಬಿಟ್ಟು ಕೈ ತೊಳೆದ. ಆ ಮಾತಿಗೆ ಈಗಲೂ ನಾಚುತ್ತೇನೆ.

ಕಡೆಗೆ ಕಾರ್ಮಿಕ ಇಲಾಖೆಯ ಸಾಹೇಬರು ಒಂದು ಬೆಳಿಗ್ಗೆ ವಿಚಾರಣೆಗೆ ಬಂದರು. ಹರಾಜು ಕಟ್ಟೆಯ ಮೇಲೆ ಮೇಜು ಹಾಕಿದರು. ಒಂದು ಕಡೆ ಅಂಗಡಿಯವರು, ಇನ್ನೊಂದು ಕಡೆ ನಾವು. ನಾನು ಅರ್ಜಿ ಓದಿದೆ. ಓದಿ ಮುಗಿಯುತ್ತಲೇ ಅಪ್ಪ ದುಡಿಯುತ್ತಿದ್ದ ಅಂಗಡಿಯ ಸಾವುಕಾರ ನಗುತ್ತ ಎದ್ದ.

"ಸಾಹೇಬ್ರ, ಇವನ ಅಪ್ಪ ಇಲ್ಲೇ ಅದಾನ. ಇವರೆಲ್ಲಾರಿಗೂ ಹಿರೇ ಮನಷ್ಯಾ. ಕ್ವಿಂಟಲ್ ಚೀಲ ಹೊರಾಕ ಆಗಂಗಿಲ್ಲ ಅಂತ ಅವ ಹೇಳಲಿ, ಐವತ್ತು ಕಿಲೋಕ್ಕ ನಾವೂ ಒಪ್ತೀವಿ. ಅವ ಆಗ್ತೈತಿ ಅಂದ್ರ ಈ ಅರ್ಜಿ ಇಲ್ಲಿಗೇ ಮುಗೀಲಿ."

ಸಾಹೇಬರಿಗೂ ಅದು ಸರಿಯೆನಿಸಿತು. ಅಪ್ಪ ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಐದು ಪೇಟೆಯ ಬೆನ್ನುಗಳ ಪಂಚಾಯಿತಿ ಅವನೊಬ್ಬನ ನಾಲಿಗೆಯ ಮೇಲೆ ಬಂದು ನಿಂತಿತ್ತು.

ಅಪ್ಪ ಟವೆಲ್ ಮಡಿಸಿ ಕತ್ತಿನ ಹಿಂದೆ ಹಾಕಿಕೊಂಡ. ಪಕ್ಕದಲ್ಲಿದ್ದ ಇಬ್ಬರಿಗೆ "ಎತ್ರಿ" ಎಂದ. ಅವರು ಕ್ವಿಂಟಲ್ ಚೀಲ ಎತ್ತಿ ಬೆನ್ನಿಗೆ ಕೊಟ್ಟರು. ಐವತ್ತೇಳರ ಮನುಷ್ಯ ಎಂದಿನ ಹಾಗೆ ಮುಂದೆ ನೋಡಿಕೊಂಡು ಹಲಗೆ ಹತ್ತಿದ. ಚೀಲವನ್ನು ಲಾರಿಯಲ್ಲಿ ಸದ್ದಾಗದಂತೆ ಮಲಗಿಸಿ ಇಳಿದು ಬಂದ. ಅಂಗಡಿಯವರು ಚಪ್ಪಾಳೆ ತಟ್ಟಿದರು. ನನ್ನ ಅರ್ಜಿ ಅಲ್ಲಿಗೆ ಸತ್ತಿತ್ತು. ಆದರೂ ನಿಜ ಹೇಳಬೇಕೆಂದರೆ, ಅವನು ಹಲಗೆ ಹತ್ತುವಾಗ ನನ್ನ ಎದೆ ಉಬ್ಬಿತ್ತು.

ಅಪ್ಪ ಮುಖ ಒರೆಸಿಕೊಂಡು ಮೇಜಿನ ಮುಂದೆ ಬಂದು ನಿಂತ.

"ಹೊತ್ನೋ ಇಲ್ರಿ, ಸಾಹೇಬ್ರ?"

"ಹೊತ್ತಿರಿ, ಯಜಮಾನರೇ. ಭಾಳ ಚೆನ್ನಾಗಿ ಹೊತ್ತಿರಿ."

"ಈಗ ನನ್ನ ಕುಂದರ್ಸ್ರಿ."

ದಣಿದಿದ್ದಾನೆಂದು ತಿಳಿದು ಯಾರೋ ಕುರ್ಚಿ ತಂದರು. ಅಪ್ಪ ಅದನ್ನು ಪಕ್ಕಕ್ಕೆ ಸರಿಸಿದ.

"ಕುರ್ಚಿ ಬ್ಯಾಡ್ರಿ. ನೆಲದ ಮ್ಯಾಲ. ಉಣ್ಣಾಕ ಕುಂದರ್ತಾರಲ್ಲ, ಹಂಗ."

ಸಾವುಕಾರ ನಕ್ಕ, ತಮಾಷೆಯೆಂದುಕೊಂಡಿರಬೇಕು. ಚೀಲ ಎತ್ತಿಕೊಟ್ಟ ಅದೇ ಇಬ್ಬರು ಬಂದು ಅಪ್ಪನ ಎರಡೂ ರಟ್ಟೆ ಹಿಡಿದರು. ಅಪ್ಪ ಬಾಗಿದ. ಮೊಣಕಾಲು ಅರ್ಧ ಮಡಚಿತು, ಅಲ್ಲಿಂದ ಮುಂದೆ ಮಡಚಲಿಲ್ಲ. ಇನ್ನೂ ಒತ್ತಿದ. ಕ್ವಿಂಟಲ್ ಹೊತ್ತಾಗ ಬರದ ಬೆವರು ಆಗ ಅವನ ಹಣೆಯ ಮೇಲೆ ಬಂತು. ಇಬ್ಬರು ಹಿಡಿದರೂ ಅವನಿಗೆ ನೆಲ ಸಿಗಲಿಲ್ಲ. "ಸಾಕು ಬಿಡ್ರಲೇ" ಎಂದು ನೆಟ್ಟಗೆ ನಿಂತ. ಕಟ್ಟೆಯ ಮೇಲೆ ಒಬ್ಬರೂ ನಗುತ್ತಿರಲಿಲ್ಲ.

"ಹದಿನಾರು ವರ್ಷ ಆತ್ರಿ, ನಾ ನೆಲದ ಮ್ಯಾಲ ಕುಂತು ಉಂಡಿಲ್ಲ. ಈ ಮಗನ ಮದುವ್ಯಾಗ ಬೀಗರ ಪಂಕ್ತಿಗೆ ಕುಂದರಂಗ ಆಗಲಿಲ್ಲ. ಕುಂದರಾಕ ಬರಂಗಿಲ್ಲ ಅಂತ ಹೆಂಗ ಹೇಳಲಿ? ಬಡಸಾಕ ನಿಂತೆ. ಎಂಥಾ ಬೀಗ, ತಾನೇ ಬಡಸ್ತಾನ ಅಂತ ಎಲ್ಲಾರೂ ಹೊಗಳಿದ್ರು." ಟವೆಲಿನಿಂದ ಹಣೆಯ ಬೆವರು ಒರೆಸಿಕೊಂಡ. "ಕ್ವಿಂಟಲ್ ಹೊರಬೌದ್ರಿ ಸಾಹೇಬ್ರ, ಯಾರು ಬ್ಯಾಡ ಅಂದ್ರು? ಹೊತ್ತ ಮ್ಯಾಲ ಮನಷ್ಯಾ ಉಣ್ಣಾಕ ಕುಂದರಬೇಕಲ್ಲ."

ಹಿಂದಿನ ಸಾಲಿನಿಂದ ಇನ್ನೊಬ್ಬ ಮುದುಕ, ಅಪ್ಪನ ವಾರಿಗೆಯವನು, ಎದ್ದು ಬಂದ. "ನನ್ನೂ ಕುಂದರ್ಸ್ರಿ" ಎಂದ. ಅವನ ಹಿಂದೆ ಮತ್ತೊಬ್ಬ ಬಂದ. ಐವತ್ತು ಕಿಲೋ ಬೇಡವೆಂದು ಅಪ್ಪನ ಜೊತೆ ನಿಂತಿದ್ದವರೇ ಅವರೆಲ್ಲ. ಸಾಹೇಬರು ಪೆನ್ನು ತೆಗೆದು ಬರೆಯತೊಡಗಿದರು.

ಸಾವುಕಾರ ಒಪ್ಪಿದ ಮಾತು ಮಾರನೆಯ ದಿನಕ್ಕೇನೂ ನಡೆಯಲಿಲ್ಲ. ಎಳೆದಾಡಿ ಒಂದು ಸುಗ್ಗಿ ಕಳೆಯಿತು. ಆದರೆ ಮುಂದಿನ ಸುಗ್ಗಿಗೆ ಐವತ್ತು ಕಿಲೋದ ಚೀಲವೇ ಬಂತು.

ಆ ದಿನ ಮನೆಗೆ ನಡೆಯುವಾಗ ಅಪ್ಪನನ್ನು ಕೇಳಿದೆ, "ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಕೇಳಿದ್ದೇನಲೇ?"

ನಾನು ಕೇಳಿರಲಿಲ್ಲ. ಚೀಲದ ಬಗ್ಗೆ ಎರಡು ಹಾಳೆ ಬರೆದವನು ಮನೆಯ ಮಾಡದ ಮುಂದೆ ನಿಂತವನನ್ನು ಒಂದು ಮಾತೂ ಕೇಳಿರಲಿಲ್ಲ. ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ಗಂಗಾಳವನ್ನು ಮಾಡದಲ್ಲಿ ಇಡಲಿಲ್ಲ, ಹೊರಸಿನ ಮೇಲಿಟ್ಟಳು. "ಊರ ಮುಂದ ಹೇಳಿ ಬಂದೀಯಲ್ಲ, ಇನ್ನ ಯಾರ ಭಯ? ಕುಂತು ಉಣ್ಣು" ಎಂದಳು. ಅಪ್ಪ ಕುಳಿತು ಉಂಡ.

ಇದಾಗಿ ಹದಿನೆಂಟು ವರ್ಷವಾಯಿತು. ಈಗ ಪೇಟೆಯಲ್ಲಿ ಹರಾಜಿನ ಕೂಗಿಲ್ಲ, ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಕೆಲವು ಕಡೆ ಲಾರಿಗೆ ಚೀಲ ಏರಿಸುವ ಬೆಲ್ಟಿನ ಮಷೀನು ಬಂದಿದೆ. ನನ್ನ ಜೇಬಿನಲ್ಲಿ ಫೋಟೋ ಇರುವ ಹಮಾಲಿ ಕಾರ್ಡಿದೆ. ಮಗಳು ಪಕ್ಕದ ತಾಲ್ಲೂಕಿನ ಪಾರ್ಸೆಲ್ ಗೋಡೌನಿನಲ್ಲಿ ಡಬ್ಬಿಗಳನ್ನು ವಿಂಗಡಿಸುತ್ತಾಳೆ. ಒಬ್ಬರು ಎಷ್ಟು ಭಾರ ಎತ್ತಬೇಕೆಂದು ಅಲ್ಲಿ ಎಲ್ಲೂ ಬರೆದಿರಲಿಲ್ಲವಂತೆ. ಕೇಳು ಎಂದೆ. "ಅಜ್ಜಗ ಕೇಳಾಕ ಎದುರಿಗೆ ಸಾಹೇಬ್ರಿದ್ರು. ನಮ್ಮ ಸಾಹೇಬ್ರು ಫೋನಿನಾಗ ಅದಾರಪ್ಪ" ಎಂದಳು. ಆದರೆ ಸುಮ್ಮನೆ ಕೂಡುವ ತಳಿ ನಮ್ಮದಲ್ಲ. ಜೊತೆಯ ಹುಡುಗಿಯರೆಲ್ಲ ಸೇರಿ ಭಾರದ ಡಬ್ಬಿಗಳ ಮೇಲೆ ಮಾರ್ಕರಿನಲ್ಲಿ "ಇಬ್ಬರು" ಎಂದು ಬರೆಯತೊಡಗಿದರು. ಹಾಗೆ ಬರೆದದ್ದನ್ನು ಯಾರೂ ಒಬ್ಬರೇ ಮುಟ್ಟುವುದಿಲ್ಲ. ಈಗ ಗೋಡೌನಿನವರೇ ಅದನ್ನು ಚೀಟಿಯಾಗಿ ಅಚ್ಚು ಹಾಕಿಸಿದ್ದಾರಂತೆ. ಅಪ್ಪನಿಗೆ ಹೇಳಿದೆ. "ನನಗಿಂತ ಶಾಣ್ಯಾಳ. ಮೊಣಕಾಲು ಬೀಳೂಕಿಂತ ಮೊದಲ ಬರದಾಳ" ಎಂದ.

ಹೋದ ಸುಗ್ಗಿಯ ಹಿಂದೆಯೇ ಅವಳ ಮದುವೆಯಾಯಿತು. ಗಂಡಿನ ಊರು ತೆಲಿಗಿ. ಈಗಿನ ಮದುವೆಗಳಲ್ಲಿ ಟೇಬಲ್ ಊಟ, ಆದರೆ ಬೀಗರ ಪಂಕ್ತಿಗೆ ಮಾತ್ರ ಅವರು ಜಮಖಾನೆ ಹಾಸಿ ನೆಲದ ಮೇಲೆ ಎಲೆ ಹಾಕಿದ್ದರು. ಅಪ್ಪನಿಗೆ ಗೋಡೆಯ ಬಳಿ ಕುರ್ಚಿ, ಮುಂದೆ ಒಂದು ಸ್ಟೂಲು. ಅವನು ಅಲ್ಲಿಂದ ನನ್ನನ್ನೇ ನೋಡುತ್ತಿದ್ದ. ನಾನು ಮೊದಲ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ. ಹೋಳಿಗೆ ಎರಡು ಸಲ ಹಾಕಿಸಿಕೊಂಡೆ, ತುಪ್ಪ ಮೂರು ಸಲ. ಪಂಕ್ತಿ ಮುಗಿದು ಎಲ್ಲರೂ ಎದ್ದರು, ನಾನಿನ್ನೂ ಕುಳಿತೇ ಇದ್ದೆ.

ಅಪ್ಪ ಕುರ್ಚಿಯಿಂದಲೇ, ಇಡೀ ಪಂಕ್ತಿಗೆ ಕೇಳುವ ಹಾಗೆ, "ಎದ್ದು ತೋರ್ಸಲೇ" ಎಂದ.

ಬಲಗೈ ಎಂಜಲಾಗಿತ್ತು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ನೆಲಕ್ಕೆ ಕೈ ಊರದೆ ಎದ್ದೆ. ಎಡ ಮೊಣಕಾಲು ಒಂದು ಸಲ ಕಟಕ್ ಎಂದಿತು, ಅಷ್ಟೆ.

ಅಪ್ಪ ಪಕ್ಕದಲ್ಲಿದ್ದ ಬೀಗರ ಕಡೆ ತಿರುಗಿ ನನ್ನ ಕಡೆ ಕೈ ಮಾಡಿದ.

"ನನ್ನ ಮಗ್ರಿ. ಮೂವತ್ತು ವರ್ಷದಿಂದ ಹಮಾಲಿ ಅದಾನ."