ಹೊಸಿಲ ಮುಂದೆ ತೆರೆದಿಡುವ ಪುಸ್ತಕ

ವೆಂಕಟಲಕ್ಷ್ಮಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದಸರಾಕ್ಕೆ ಮುಂಚೆ ಪ್ರಕಾಶಕ ಪಂಚಾಕ್ಷರಿಯವರ ಕೈಗೆ ಕೊಟ್ಟ ರಂಗೋಲಿ ಹಾಳೆಗಳ ಸುದ್ದಿ ಸಂಕ್ರಾಂತಿ ಕಳೆದರೂ ಬಂದಿರಲಿಲ್ಲ. ಅವರೆಕಾಯಿ ಬಿಡಿಸಲು ಕೂತರೆ ಅರ್ಧಕ್ಕೇ ಎದ್ದು ಗೇಟಿನವರೆಗೆ ಹೋಗಿ ಬರುವರು. ಅತ್ತಿಗುಪ್ಪೆಯ ಆ ಬೀದಿಗೆ ಧನುರ್ಮಾಸದಲ್ಲಿ ಅವರ ಬಾಗಿಲ ರಂಗೋಲಿ ನೋಡಲೆಂದೇ ಹೆಂಗಸರು ಸುತ್ತು ಹಾಕಿಕೊಂಡು ಬರುತ್ತಿದ್ದರು. ಪುಸ್ತಕ ಮಾಡಿಸಿ ಎಂದು ಹುಚ್ಚು ಹಿಡಿಸಿದವಳು ಸೊಸೆ ಕುಸುಮಾ. ವೆಂಕಟಲಕ್ಷ್ಮಮ್ಮನಿಗೆ ಓದುಬರಹ ಅಷ್ಟಕ್ಕಷ್ಟೆ. ಆದರೂ ಒಂದೊಂದು ಹಾಳೆಯ ಕೆಳಗೂ ತಮ್ಮ ಹೆಸರನ್ನು ತಾವೇ ಬರೆದಿದ್ದರು, ಒತ್ತಕ್ಷರಗಳನ್ನು ಚುಕ್ಕಿ ಸುತ್ತಿದ ಹಾಗೆ ನಿಧಾನವಾಗಿ ಸುತ್ತಿ. ಆ ಹೆಸರು ಅಚ್ಚಾಗಿ ಬರಬೇಕು, ನಾಲ್ಕು ಮನೆಯ ಬಾಗಿಲಿಗೆ ಹೋಗಬೇಕು. ಅಷ್ಟೇ ಆಸೆ.

ಕೊನೆಗೆ ತಡೆಯಲಾರದೆ ಬಸ್ಸು ಹತ್ತಿ ರಾಜಾಜಿನಗರಕ್ಕೆ ಹೋದರು. ಪಂಚಾಕ್ಷರಿ ಕುರ್ಚಿ ಎಳೆದುಕೊಟ್ಟು, ತಯಾರಾಗಿದ್ದ ರಕ್ಷಾಪುಟ ತೋರಿಸಿದರು. ಬಣ್ಣದ ನವಿಲಿತ್ತು. ಅಡಿಯಲ್ಲಿ ಪ್ರಕಾಶನದ ಹೆಸರಿತ್ತು.

“ಯುಗಾದಿಗೆ ಬಂದ್ಬಿಡುತ್ತೆ ಅಮ್ಮ. ಬಸ್ ಸ್ಟ್ಯಾಂಡು, ದೇವಸ್ಥಾನ, ಎಲ್ಲಾ ಕಡೆ ನಮ್ಮ ಬುಕ್ ಹೋಗುತ್ತೆ.”

“ನನ್ನ ಹೆಸರೆಲ್ಲಿ ಸಾರ್?”

“ಬೇರೆಯವರದ್ದೂ ಸೇರಿಸಿದೀವಲ್ಲ, ಸಂಗ್ರಹ ಅಂತ ಹಾಕಿದೀವಿ. ರಂಗೋಲಿ ಬುಕ್ಕಲ್ಲಿ ಹೆಸರು ಯಾರಮ್ಮ ನೋಡ್ತಾರೆ? ರಂಗೋಲಿ ಏನು ಒಬ್ಬರ ಸೊತ್ತಾ?”

“ಬಾಗಿಲಲ್ಲಿರೋದು ಯಾರ ಸೊತ್ತೂ ಅಲ್ಲ. ಹಾಳೆ ಮೇಲಿರೋದು ನಾನು ಕೂತು ಬರ್ದಿದ್ದು.”

ಪಂಚಾಕ್ಷರಿ ನಕ್ಕರು. ಕೆಟ್ಟ ಮನುಷ್ಯರಲ್ಲ. “ನೀವೇ ಅಚ್ಚು ಹಾಕಿಸ್ಕೊಂಡ್ರೆ ಹೆಸರು ಎಷ್ಟು ದಪ್ಪ ಬೇಕಾದ್ರೂ ಹಾಕ್ಕೋಬಹುದು. ಆಮೇಲೆ ಬುಕ್ಕೆಲ್ಲ ಮಂಚದ ಕೆಳಗಿಟ್ಕೊಂಡು ನೀವು ಮೇಲೆ ಮಲಗಬೇಕಾಗುತ್ತೆ, ನೋಡಿ. ನಮ್ಮ ಬುಕ್ಕಿಗೆ ಸೇರಿಸೋದೋ ಬೇಡ್ವೋ, ಶಿವರಾತ್ರಿ ಒಳಗೆ ಹೇಳಿ.”

ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ಶತಪಥ ಹಾಕಿದರು. ಕುಸುಮಾ ಫೋನು ತೆಗೆದಳು. ಹಾಳೆಗಳ ಫೋಟೋ ಎಲ್ಲ ಅದರಲ್ಲಿದ್ದವು. “ಅವರ ಹಂಗ್ಯಾಕೆ ಅತ್ತೆ? ಈಗೆಲ್ಲ ಆನ್‌ಲೈನು. ನಾವು ಕಳಿಸಿದ್ರೆ ಅವರೇ ಪ್ರಿಂಟ್ ಮಾಡಿ ಮನೆಗೆ ತಂದ್ಕೊಡ್ತಾರೆ.”

ಮಾದರಿ ಪ್ರತಿ ಕೊರಿಯರಿನಲ್ಲಿ ಬಂತು. ನುಣುಪು ಕಾಗದ, ದಪ್ಪ ರಟ್ಟು, ಮೇಲೆ ಎದ್ದು ಕಾಣುವ ಹಾಗೆ ‘ವೆಂಕಟಲಕ್ಷ್ಮಮ್ಮ’. ಸೆರಗಿನಲ್ಲಿ ಕೈ ಒರೆಸಿಕೊಂಡು ಮುಟ್ಟಿದರು. ಬೆಳಿಗ್ಗೆ ಬಾಗಿಲು ತೊಳೆದು, ಹೊಸಿಲ ಮುಂದೆ ಪುಸ್ತಕ ತೆರೆದಿಟ್ಟು ಪುಡಿಗೆ ಕೈ ಹಾಕಿದರು. ಪುಸ್ತಕ ಪಟ್ಟನೆ ಮುಚ್ಚಿಕೊಂಡಿತು. ಮತ್ತೆ ತೆರೆದರು, ಮತ್ತೆ ಮುಚ್ಚಿತು. ಪುಡಿ ಡಬ್ಬಿಯನ್ನು ಒಂದು ಪುಟದ ಮೇಲಿಟ್ಟರೆ ಅರ್ಧ ರಂಗೋಲಿ ಡಬ್ಬಿಯಡಿ ಹೋಯಿತು. ಪುಸ್ತಕದ ಬೆನ್ನನ್ನು ಗಟ್ಟಿಯಾಗಿ ಅದುಮಿದರೆ ಅಂಟು ಬಿಟ್ಟು ಹಾಳೆಯೇ ಕೈಗೆ ಬಂತು.

“ಅತ್ತೆ, ಅದು ಶೋಕೇಸಲ್ಲಿಡೋ ಬುಕ್ಕು. ನೆಲದ ಮೇಲೆ ಯಾರಿಡ್ತಾರೆ?”

“ರಂಗೋಲಿ ಬುಕ್ಕು ನೆಲದ ಮೇಲಿಡದೆ ತಲೆ ಮೇಲಿಟ್ಕೊಂಡು ಹಾಕ್ತಾರೇನೆ?”

ಆ ದಿನವೆಲ್ಲ ಅವರಿಗೆ ಅನ್ನ ಸೇರಲಿಲ್ಲ. ಹೆಸರಿದ್ದ ಪುಸ್ತಕ ಬಾಗಿಲಿಗೆ ಆಗಿಬರುವುದಿಲ್ಲ. ಬಾಗಿಲು ಬಾಗಿಲಿಗೆ ಹೋಗುವ ಪಂಚಾಕ್ಷರಿಯವರ ಪುಸ್ತಕದಲ್ಲಿ ಹೆಸರಿಲ್ಲ.

ಮಾರನೆಯ ದಿನ ಆ ಮಾದರಿ ಪ್ರತಿ ಹಿಡಿದು, ಬಾಪೂಜಿನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗಿರಿರಾಜನ ಅಂಗಡಿಗೆ ಹೋದರು.

“ಮಧ್ಯಕ್ಕೆ ಪಿನ್ ಹೊಡೆದ್ರೆ ಹಾಯಾಗಿ ಮಲಗುತ್ತೆ ಅಜ್ಜಿ,” ಎಂದ ಗಿರಿರಾಜ. “ಆದ್ರೆ ಬುಕ್ ಅಂತ ಗತ್ತಿರಲ್ಲ. ಸ್ತೋತ್ರದ ಪುಸ್ತಕದ ಥರ ಕಾಣುತ್ತೆ. ಇಷ್ಟೂ ಹಾಳೆ ಹಿಡಿಸೋದೂ ಇಲ್ಲ, ಅರ್ಧ ತೆಗೀಬೇಕು.”

ಅರ್ಧ ತೆಗೆಯುವುದೆಂದರೆ ಯಾವ ಅರ್ಧ? ಅಂಟು ಬಿಟ್ಟ ಮಾದರಿ ಪ್ರತಿಯ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಒಂದನ್ನು ಪಕ್ಕಕ್ಕಿಡುವರು, ಅರೆಗಳಿಗೆಯಲ್ಲಿ ಮರಳಿ ಎಳೆದುಕೊಳ್ಳುವರು. ತೇರು, ತಾವರೆಕೊಳ ಎಲ್ಲ ಬಿಟ್ಟು, ಕೆಲಸಕ್ಕೆ ಓಡುವ ಹೆಂಗಸರು ಗಡಿಬಿಡಿಯಲ್ಲಿ ಹಾಕಬಲ್ಲವನ್ನಷ್ಟೇ ಉಳಿಸಿದರು. ಶಿವರಾತ್ರಿಗೆ ಮುಂಚೆ ಪಂಚಾಕ್ಷರಿಯವರ ಹತ್ತಿರ ಹೋಗಿ ಹಾಳೆ ವಾಪಸು ಕೇಳಿದರು. ಅವರು ಹಾಳೆ ಕೊಟ್ಟು, ಕಾಫಿ ತರಿಸಿದರು.

ಯುಗಾದಿಗೆ ನವಿಲಿನ ಪುಸ್ತಕ ಬಸ್ ಸ್ಟ್ಯಾಂಡಿನಲ್ಲೆಲ್ಲ ತೂಗಿತು. ಗಿರಿರಾಜ ಅಚ್ಚು ಹಾಕಿಕೊಟ್ಟ ಇವರ ಪುಸ್ತಕದ ಕಟ್ಟುಗಳು ನಿಜಕ್ಕೂ ಮಂಚದ ಕೆಳಗಿದ್ದವು. ಪುಸ್ತಕದ ಅಂಗಡಿಯವರು ಯಾರೂ ತೆಗೆದುಕೊಳ್ಳಲಿಲ್ಲ. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಅವೂ ಎಚ್ಚರವಾಗಿರುವಂತೆ ಅನ್ನಿಸುತ್ತಿತ್ತು. ಕೊನೆಗೆ ಒಂದು ಕಟ್ಟು ಹೊತ್ತು ವಿಜಯನಗರದ ಮಾರ್ಕೆಟ್ಟಿಗೆ ಹೋಗಿ, ಫುಟ್‌ಪಾತಿನಲ್ಲಿ ರಂಗೋಲಿ ಪುಡಿ ಮಾರುವ ಹೆಂಗಸನ್ನು ಒಪ್ಪಿಸಿದರು. ಬಣ್ಣದ ಗುಪ್ಪೆಗಳ ಪಕ್ಕ ಒಂದು ಪ್ರತಿ ತೆರೆದು ಮಲಗಿತು. ಅವರು ಕರಿಬೇವಿನ ಗಾಡಿಯ ಮರೆಗೆ ನಿಂತರು.

“ಅಜ್ಜಿ, ಹಿಂಗೆ ಗುರಾಯಿಸ್ಕೊಂಡು ನಿಂತ್ರೆ ಬರೋ ಗಿರಾಕೀನೂ ಓಡ್ಹೋಗ್ತಾರೆ. ಮನೇಗೆ ಹೋಗಿ,” ಎಂದಳು ಪುಡಿಯವಳು.

ಮೆಟ್ರೋ ಮೆಟ್ಟಿಲವರೆಗೆ ಹೋದರು, ತಿರುಗಿ ಬಂದರು. ಅಷ್ಟರಲ್ಲಿ ಆಫೀಸಿನ ಚೀಲ ತಗಲಿಸಿಕೊಂಡ ಹೆಂಗಸೊಬ್ಬಳು ಪುಡಿಗೆ ಚೌಕಾಸಿ ಮಾಡಿ, ಚೌಕಾಸಿಯಿಲ್ಲದೆ ಪುಸ್ತಕ ತೆಗೆದುಕೊಂಡು, ಉದ್ದಕ್ಕೆ ಮಡಚಿ ಸೊಪ್ಪಿನ ಜೊತೆ ತುರುಕಿ ಹೊರಟಳು. ವೆಂಕಟಲಕ್ಷ್ಮಮ್ಮನ ಕಾಲುಗಳು ತಾವಾಗಿ ಅವಳ ಹಿಂದೆ ಬಿದ್ದವು. ಒಂದು ಅಡ್ಡರಸ್ತೆ, ಇನ್ನೊಂದು ಅಡ್ಡರಸ್ತೆ. ಗೇಟಿನ ಹತ್ತಿರ ಅವಳು ತಿರುಗಿದಳು.

“ಯಾರು ಬೇಕಿತ್ತಮ್ಮ?”

“ಯಾರೂ ಬೇಡ. ಆ ಬುಕ್ಕು... ನಾನು ಹಾಕಿದ್ದು.”

ಅವಳು ಸೊಪ್ಪಿನ ನಡುವಿನಿಂದ ಪುಸ್ತಕ ಎಳೆದು, ಹೆಸರು ಓದಿ, ಇವರ ಮುಖ ನೋಡಿದಳು. “ನೀವೇನಾ? ಸರಿ ಹೋಯ್ತು. ನನಗೆ ಎಳೆ ಹಾಕೋಕೆ ಹೋದ್ರೆ ಒಂದೇ ಕಡೆ ವಾಲುತ್ತೆ. ಯಾಕೆ ಅಂತ ಗೊತ್ತೇ ಆಗಲ್ಲ.”

ವೆಂಕಟಲಕ್ಷ್ಮಮ್ಮ ಆಗಲೇ ಗೇಟಿನೊಳಗೆ ಬಗ್ಗಿ ಬಾಗಿಲ ಮುಂದಿನ ನೆಲ ನೋಡುತ್ತಿದ್ದರು. “ನೆಲವೇ ಇಳಿಜಾರಾಗಿದೆ ಕಣಮ್ಮ. ನೀನು ಬೆಳಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೊಳೀತೀಯಾ?”