ಎರಡು ಧ್ರುವಗಳ ನಡುವೆ ಒಂದು ಮದುವೆ

ಪೆಟಾಲಿಂಗ್ ಜಯಾದ ನಮ್ಮ ವಸತಿ ಸಮುಚ್ಚಯದಲ್ಲಿ ಜನ ತಲೆಯೆತ್ತಿ ಆಕಾಶ ನೋಡುವುದು ಒಂದೇ ಕಾರಣಕ್ಕೆ: ಒಣಹಾಕಿದ ಬಟ್ಟೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಮೋಡ ಕಟ್ಟಿ, ಗುಡುಗಿ, ಹೇಳದೆ ಕೇಳದೆ ಸುರಿದುಬಿಡುವ ಈ ಊರಿನ ಮಳೆಗೆ ಶಿಸ್ತೆಂಬುದಿಲ್ಲ. ನನಗೆ ಅದು ಬೇಕಾದ್ದಕ್ಕಿಂತ ಹೆಚ್ಚೇ ಉಂಟು ಎಂದು ಮನೆಯವರ ಅಭಿಪ್ರಾಯ. ಆದ್ದರಿಂದ ಬಟ್ಟೆ ತೆಗೆಯುವ ಖಾತೆ ನನ್ನದು. ಆಕಾಶದೊಂದಿಗೆ ನನ್ನ ವ್ಯವಹಾರ ಅಷ್ಟಕ್ಕೇ ಸೀಮಿತವಾಗಿತ್ತು. ಮೋಡದ ಮೇಲೆ ಇರುವವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇರುತ್ತಾರೆಂದು ನಾನು ನಂಬಿದ್ದೆ. ಆ ನಂಬಿಕೆ ಹೇಗೆ ಕುಸಿಯಿತೆಂಬುದನ್ನು ಹೇಳುತ್ತೇನೆ, ಕೇಳಿ. ನನಗಿನ್ನೂ ಅದರ ಆಘಾತ ಇಳಿದಿಲ್ಲ.

ನಾನು ಮಣಿಪಾಲದಲ್ಲಿ ನರ್ಸಿಂಗ್ ಕಲಿತು, ಇಲ್ಲಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತಳಾದವಳು. ತಂಗಿ ಸುಮತಿಯ ಮನೆಯಲ್ಲಿ ಇದ್ದೇನೆ. ಹಾಸಿಗೆಯ ಹೊದಿಕೆಯ ಮೂಲೆಗಳನ್ನು ಲಕೋಟೆಯ ಹಾಗೆ ಮಡಚಿ ಸಿಕ್ಕಿಸದಿದ್ದರೆ ನನಗೆ ನಿದ್ದೆ ಬಾರದು. ಬೇರೆಯವರ ಹಾಸಿಗೆಯ ಮೂಲೆಗಳು ಸಡಿಲವಾಗಿದ್ದರೂ ಬಾರದು ಎಂಬುದೇ ಮನೆಯವರ ಕಷ್ಟ. ಇಂಥವಳ ಕೈಗೆ ಮದುವೆಯೊಂದನ್ನು ಕೊಟ್ಟರೆ ಏನಾಗುತ್ತದೆ? ಸುಮತಿಯ ಮಗಳು ವಿಭಾಳ ಮದುವೆ ನಿಶ್ಚಯವಾದಂದೇ ಯಾವ ಶಾಸ್ತ್ರ ಯಾವುದರ ನಂತರ, ಯಾವ ತಟ್ಟೆ ಯಾರ ಕೈಯಲ್ಲಿ ಎಂಬುದೆಲ್ಲ ನನ್ನ ತಲೆಯಲ್ಲಿ ಸಾಲಾಗಿ ನಿಂತುಬಿಟ್ಟಿತ್ತು. ವರ ಅಗಿಲನ್ ಇಲ್ಲಿಯೇ ಹುಟ್ಟಿ ಬೆಳೆದ ತಮಿಳು ಹುಡುಗ. ಸೈಬರ್‌ಜಯಾದಲ್ಲಿ ಕೆಲಸ. ಮದುವೆಯಾದ ಮೇಲೆ ಇಬ್ಬರೂ ನ್ಯೂಜಿಲೆಂಡಿಗೆ ಹೊರಡುವವರು. ಅವನ ತಾಯಿ ಬಲು ಗಂಭೀರ ಹೆಂಗಸು; ನಿಮ್ಮ ಕಡೆಯ ಶಾಸ್ತ್ರ ಒಂದೂ ಬಿಡಬಾರದು, ಪೂರ್ತಿಯಾಗಿ ನಡೆಯಲಿ ಎಂದು ಮೊದಲ ದಿನವೇ ಹೇಳಿದ್ದರು. ಸುಮತಿಗೆ ಆ ಮಾತು ಪರೀಕ್ಷೆಯ ಹಾಗೆ ಕೇಳಿಸಿತು. ಅಂದಿನಿಂದ ಅವಳ ರಕ್ತದೊತ್ತಡ ನೋಡುವ ಕೆಲಸವೂ ನನ್ನ ಪಾಲಿಗೆ ಬಂತು.

ಒಂದು ಸಂಜೆ ಊಟದ ಮೇಜಿನ ಮುಂದೆ ನಾನು ಶಾಸ್ತ್ರಗಳನ್ನೆಲ್ಲ ವಿಭಾಳಿಗೆ ವಿವರಿಸುತ್ತಿದ್ದೆ. ಸಪ್ತಪದಿಯವರೆಗೆ ಅವಳು ತಕರಾರಿಲ್ಲದೆ ಕೇಳಿದಳು. ಆಮೇಲೆ ಧ್ರುವದರ್ಶನ ಬಂತು. ಪುರೋಹಿತರು ಧ್ರುವನಕ್ಷತ್ರವನ್ನು ತೋರಿಸಿ ಕಾಣಿಸಿತೇ ಎಂದು ಕೇಳುತ್ತಾರೆ, ಅದರಂತೆ ನೀನೂ ಸ್ಥಿರವಾಗಿರು ಎಂದು ಹರಸುತ್ತಾರೆ ಎಂದೆ.

"ಮಾರ್ನಿಂಗಲ್ಲಿ ಸ್ಟಾರ್ ಹೇಗೆ ಕಾಣುತ್ತೆ, ದೊಡ್ಡಮ್ಮ?"

"ಕಾಣೂದಿಲ್ಲ. ಆದ್ರೂ ಕಾಣಿಸ್ತು ಅನ್ಬೇಕು. ಅದು ಸಂಪ್ರದಾಯ," ಎಂದಳು ಸುಮತಿ, ಮಾವಿನಹಣ್ಣು ಹೆಚ್ಚುತ್ತ.

ವಿಭಾ ಚಮಚ ಕೆಳಗಿಟ್ಟು, ಈ ಊರಿನವರ ಹಾಗೆ ಮಾತಿನ ಬಾಲಕ್ಕೊಂದು 'ಲಾ' ಸೇರಿಸಿದಳು. "ಅಮ್ಮ, ನಾನು ಹಾಗೆ ಹೇಳಲ್ಲ ಲಾ."

ಅವಳು ಸ್ಕ್ಯಾನ್‌ಗಳನ್ನು ಓದುವ ವೈದ್ಯೆ. ಇಡೀ ದಿನ ಕತ್ತಲು ಕೋಣೆಯಲ್ಲಿ ಕುಳಿತು, ಪರದೆಯ ಬೂದುಬಣ್ಣದಲ್ಲಿ ಏನಿದೆ, ಏನಿಲ್ಲ ಎಂದು ಬರೆದುಕೊಡುವುದೇ ಅವಳ ವೃತ್ತಿ. "ಕಾಣದೇ ಇರೋದನ್ನ ಕಾಣ್ತು ಅಂತ ರಿಪೋರ್ಟ್ ಮಾಡಿದ್ರೆ ಒಬ್ರು ಪೇಶಂಟ್‌ಗೆ ಸುಮ್ನೆ ಆಪರೇಷನ್ ಆಗುತ್ತೆ, ಗೊತ್ತಾ? ಅಷ್ಟು ಜನರ ಮುಂದೆ, ಮೊದಲನೇ ದಿನವೇ ಸುಳ್ಳು? ದೊಡ್ಡಮ್ಮ, ನೀವೇ ಹೇಳಿ. ನಾಡಿ ಹಿಡಿಯದೆ ನಂಬರ್ ಬರೆದ ಸ್ಟೂಡೆಂಟ್‌ನ ನೀವು ಏನು ಮಾಡ್ತಿದ್ರಿ?"

ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದೆ. ಜೀವಮಾನವಿಡೀ ನಾನು ಬಿತ್ತಿದ ಬೀಜ ನನ್ನದೇ ಮನೆಯ ಊಟದ ಮೇಜಿನ ಮೇಲೆ ಹೀಗೆ ಮೊಳೆತು ನಿಂತದ್ದನ್ನು ಕಂಡು ದಂಗಾಗಿ ಕುಳಿತೆ. ಸುಮತಿ ಮಾತ್ರ ಅಳತೊಡಗಿದಳು. "ಹುಡುಗನ ಅಮ್ಮ ಎಂತ ತಿಳ್ಕೊಳ್ಬೇಡ? ಮಂಟಪದಲ್ಲೇ ಎದುರು ಮಾತಾಡುವ ಹುಡುಗಿ ಅಂತ ಇವಳ ಜನ್ಮಕ್ಕೆ ಹೆಸರು ಬರ್ತದೆ!"

ಸಮಸ್ಯೆ ಬಂದರೆ ಅಳುವುದಲ್ಲ, ವ್ಯವಸ್ಥೆ ಮಾಡುವುದು ನಮ್ಮ ಕಸುಬಿನ ಪಾಠ. ನನಗೆ ಹೊಳೆದ ಉಪಾಯ ಸರಳವಾಗಿತ್ತು. ಮದುವೆಗೆ ಮೊದಲೇ ಹುಡುಗಿಗೆ ನಿಜವಾದ ಧ್ರುವನನ್ನು ತೋರಿಸಿಬಿಟ್ಟರೆ ಆಯಿತು! ಆಮೇಲೆ "ಕಾಣಿಸಿತು" ಎನ್ನಲು ಅವಳಿಗೇನು ಅಡ್ಡಿ? ಕ್ರಿಯಾಪದ ಭೂತಕಾಲದಲ್ಲೇ ಇದೆ, ಮನಸ್ಸಾಕ್ಷಿಗೂ ನಷ್ಟವಿಲ್ಲ. ಜಾಗ ಗುರುತಿಸಿಟ್ಟುಕೊಳ್ಳೋಣವೆಂದು, ನಕ್ಷತ್ರಗಳ ಹುಚ್ಚಿರುವ ಅಗಿಲನ್‌ನನ್ನು ಕರೆದುಕೊಂಡು, ಮಳೆ ಬಿಟ್ಟ ಒಂದು ಮುಸ್ಸಂಜೆ ನಮ್ಮ ಕಾರು ನಿಲ್ದಾಣದ ಮೇಲಂತಸ್ತಿಗೆ ಹೋದೆ.

"ಎಲ್ಲಿ ತೋರಿಸಪ್ಪ," ಎಂದೆ, ಉತ್ತರಕ್ಕೆ ತಿರುಗಿ, ಉಡುಪಿಯಲ್ಲಿ ನೋಡುತ್ತಿದ್ದಷ್ಟು ಎತ್ತರಕ್ಕೆ ಕತ್ತೆತ್ತಿ.

"ಆಂಟಿ, ಅಷ್ಟು ಮೇಲೆ ಅಲ್ಲ ಲಾ. ಕೆಳಗೆ. ಇನ್ನೂ ಕೆಳಗೆ." ಅವನ ಕನ್ನಡ ವಿಭಾಳಿಂದ ಕಲಿತದ್ದು, ತಪ್ಪಿಲ್ಲ, ಆದರೆ ಸವಾರಿ ಮೆಲ್ಲಗೆ. "ಆ ಕಾಂಡೋ ಇದೆಯಲ್ಲ? ಅದರ ಹಿಂದೆ. ಅದರ ಹಿಂದಿನ ಗುಡ್ಡದ ಹಿಂದೆ. ನೆಲದ ಹತ್ತಿರ."

ನಾನು ಬೆಚ್ಚಿಬಿದ್ದೆ. ಧ್ರುವ, ನೆಲದ ಹತ್ತಿರ? ಅಚಲಪದವಿಯಲ್ಲಿ ಕುಳಿತವನು ಬಹುಮಹಡಿ ಕಾಂಡೋ ಒಂದರ ಹಿಂಬದಿಯಲ್ಲಿ? ಅಗಿಲನ್ ಸಮಾಧಾನವಾಗಿ ವಿವರಿಸಿದ. ನಾವಿರುವುದು ಭೂಮಧ್ಯರೇಖೆಯ ಪಕ್ಕದಲ್ಲಿ; ದಕ್ಷಿಣಕ್ಕೆ ಇಳಿದಷ್ಟೂ ಧ್ರುವ ತಗ್ಗುತ್ತಾನೆ; ಇಲ್ಲಿ ದಿಗಂತದ ಮಬ್ಬಿನಲ್ಲಿ ಅವನನ್ನು ಕಂಡವರು ತೀರ ಕಡಿಮೆ; ರೇಖೆ ದಾಟಿ ಮುಂದೆ ಹೋದರೆ ಅವನು ಇಲ್ಲವೇ ಇಲ್ಲ. ಉಡುಪಿಯಿಂದ ಇಲ್ಲಿಗೆ ಬಂದಾಗ ಅಕ್ಕಿ, ಬೇಳೆ, ಮಿಡಿ ಉಪ್ಪಿನಕಾಯಿ ಎಲ್ಲ ಸರಿಯಾಗಿ ಬಂದಿತೇ ಎಂದು ನೋಡಿಕೊಂಡ ನಾನು, ಧ್ರುವ ಹಿಂದುಳಿದದ್ದನ್ನು ಗಮನಿಸಿಯೇ ಇರಲಿಲ್ಲ.

"ಹಾಗಾದ್ರೆ ನೀವು ಹೋಗುವ ನ್ಯೂಜಿಲೆಂಡಿನಲ್ಲಿ ಸ್ಥಿರವಾದದ್ದು ಏನೂ ಇಲ್ವಾ?"

"ಇದೆ, ಆಂಟಿ. ಅಲ್ಲಿ ಅಷ್ಟಕ ಅಂತ ಒಂದು ಕಾನ್‌ಸ್ಟಲೇಶನ್. ತುಂಬ ಡಿಮ್."

ಅಷ್ಟಕವೆಂದರೆ ಹಿಂದಿನ ಕಾಲದ ನಾವಿಕರು ಕೋನ ಅಳೆಯುತ್ತಿದ್ದ ಒಂದು ಉಪಕರಣವಂತೆ. ದಕ್ಷಿಣದ ಆಕಾಶದ ತುದಿಯಲ್ಲಿ ಆ ಹೆಸರಿನ ಮಸುಕು ನಕ್ಷತ್ರಪುಂಜ. ದಕ್ಷಿಣದ ಧ್ರುವನ ಹುದ್ದೆ ಅದರಲ್ಲಿನ ಸಿಗ್ಮಾ ಎಂಬ ನಕ್ಷತ್ರಕ್ಕೆ ಬಂದಿದೆ. ಆದರೆ ಅದೆಷ್ಟು ಮಂಕೆಂದರೆ, ಒಳ್ಳೆಯ ಕತ್ತಲಿನಲ್ಲೂ ಕಣ್ಣು ಕಿರಿದು ಮಾಡಿ ಹುಡುಕಬೇಕು. ಬೆಳಕಿಲ್ಲದವರಿಗೂ ದೊಡ್ಡ ಹುದ್ದೆ ಸಿಗುವುದನ್ನು ನಾನು ಆಸ್ಪತ್ರೆಗಳಲ್ಲಿ ಕಂಡಿದ್ದೆ. ಆಕಾಶದಲ್ಲೂ ಹಾಗೆಯೇ ಎಂದು ತಿಳಿದಿರಲಿಲ್ಲ. ಅದನ್ನಾದರೂ ತೋರಿಸು ಎಂದರೆ, ಅದು ಇಲ್ಲಿ ದಿಗಂತದಿಂದ ಮೇಲೆ ಬರುವುದೇ ಇಲ್ಲವೆಂದ! ಅಂದರೆ ಒಬ್ಬ ಧ್ರುವ ಗುಡ್ಡದ ಹಿಂದೆ, ಇನ್ನೊಬ್ಬ ನೆಲದ ಅಡಿಯಲ್ಲಿ. ನಡುವೆ ನಾವು, ಮದುವೆಯ ಕಾಗದ ಹಂಚಿ ಕುಳಿತವರು.

ನನ್ನ ಕಂಗಾಲನ್ನು ಕುತೂಹಲವೆಂದು ತಿಳಿದು ಆ ಸಂಭಾವಿತ ಹುಡುಗ ಇನ್ನಷ್ಟು ಹೇಳಿದ. ನಕ್ಷತ್ರಪುಂಜಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಳಗುವುದಕ್ಕೆ ಆಲ್ಫಾ ಎಂದು ಮೊದಲ ಅಕ್ಷರ ಕೊಡುವುದು ವಾಡಿಕೆ. ಅಷ್ಟಕದಲ್ಲಿ ಆ ಕ್ರಮವೂ ಕೆಟ್ಟಿದೆ: ಆಲ್ಫಾ ಮಸುಕಾಗಿದೆ, ಎಲ್ಲೋ ಹಿಂದಿನ ಬೆಂಚಿನಲ್ಲಿರುವ ನ್ಯೂ ಎಂಬುದು ಎಲ್ಲರಿಗಿಂತ ಪ್ರಕಾಶಮಾನ. ಆ ನ್ಯೂ ಒಂಟಿಯೂ ಅಲ್ಲ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ. ಅವೆರಡರ ನಡುವೆ ಒಂದು ಗ್ರಹ, ಎಲ್ಲರೂ ಹೋಗುವ ದಿಕ್ಕಿಗೆ ತದ್ವಿರುದ್ಧವಾಗಿ ಸುತ್ತುತ್ತಿದೆಯೆನ್ನುತ್ತಾರೆ. ಇದನ್ನು ಕೇಳಿ ನನಗೆ ಏಕೋ ಸುಮತಿಯ ನೆನಪಾಯಿತು. ಅವಳಿಗೆ ನನ್ನ ನೆನಪಾಗುತ್ತಿತ್ತೇನೋ. ಹಾಸಿಗೆಯ ಮೂಲೆ ಮಡಚುವವಳಿಗೆ ಇಂಥ ಅವ್ಯವಸ್ಥೆಯ ಪುಂಜವೊಂದು ತಲೆಯ ಮೇಲಲ್ಲದಿದ್ದರೂ ಕಾಲಕೆಳಗೆ ಇದೆಯೆಂಬುದೇ ಸಹಿಸಲಸಾಧ್ಯವಾಯಿತು.

ಬರಿಗೈಯಲ್ಲಿ ಕೆಳಗಿಳಿದೆ. ಕೊನೆಗೆ ಸುಮತಿ ಮಗಳನ್ನು ಬೇಡಿಕೊಂಡಳು. "ಬಾಯಲ್ಲಿ ಹೇಳ್ಬೇಡ, ತಲೆಯಾದ್ರೂ ಆಡಿಸು ಮಾರಾಯ್ತಿ." ವಿಭಾ ಅಮ್ಮನ ಕಣ್ಣೊರೆಸಿದಳೇ ಹೊರತು ಮಾತು ಕೊಡಲಿಲ್ಲ.

ಮದುವೆಯ ಬೆಳಿಗ್ಗೆ ಎಲ್ಲವೂ ನಾನು ನಿಗದಿ ಮಾಡಿದ ಹಾಗೆಯೇ ನಡೆಯಿತು. ಸಭಾಂಗಣಕ್ಕೆ ಕಿಟಕಿಗಳಿರಲಿಲ್ಲ, ಒಳಗೆ ಹಗಲು ರಾತ್ರಿಗಳ ಭೇದವಿಲ್ಲದ ತಂಪು. ಹಿಂದಿನ ದಿನವೇ ನಾನು ಪುರೋಹಿತ ಭಟ್ಟರಿಗೆ, "ವಧೂವರರು ಪೂರ್ವಕ್ಕೆ ಮುಖ ಮಾಡಿರ್ತಾರೆ, ಅವರ ಎಡಗೈ ಕಡೆ ಉತ್ತರ, ಅಲ್ಲೇ ತೋರಿಸಿ," ಎಂದು ಹೇಳಿಟ್ಟಿದ್ದೆ. ಭಟ್ಟರ ಎದೆಗೆ ಪುಟ್ಟ ಮೈಕು ಸಿಕ್ಕಿಸಿದ್ದರಿಂದ ಮಂಟಪದ ಪಿಸುಮಾತೂ ಕೊನೆಯ ಸಾಲಿಗೆ ಕೇಳುತ್ತಿತ್ತು. ಸಪ್ತಪದಿ ಮುಗಿಯಿತು. ಭಟ್ಟರು ಎದ್ದು, ಎಡಗಡೆಯ ಗೋಡೆಯತ್ತ ಬೆರಳೆತ್ತಿ ಮಂತ್ರ ಹೇಳಿ, "ಕಾಣಿಸ್ತಾ ಮಗಾ?" ಎಂದರು.

ಸುಮತಿಯ ಉಗುರು ನನ್ನ ಮುಂಗೈಗೆ ಇಳಿಯಿತು. ಮುಂದಿನ ಸಾಲಿನಲ್ಲಿ ಅಗಿಲನ್‌ನ ತಾಯಿ ನೆಟ್ಟಗೆ ಕುಳಿತಿದ್ದರು.

"ಇಲ್ಲ, ಭಟ್ರೇ. ಕಾಣಿಸ್ತಿಲ್ಲ."

ಆ ಮಾತು ಸಭಾಂಗಣದ ನಾಲ್ಕೂ ಮೂಲೆಯ ಧ್ವನಿವರ್ಧಕಗಳಲ್ಲಿ ಮೊಳಗಿತು. ನಾದಸ್ವರದವರು ಊದುವುದೋ ಬಿಡುವುದೋ ತಿಳಿಯದೆ ನಮ್ಮತ್ತ ನೋಡಿದರು. ಭಟ್ಟರ ಬೆರಳು ಗಾಳಿಯಲ್ಲೇ ಇತ್ತು. ಅದನ್ನು ನಿಧಾನವಾಗಿ ಇಳಿಸಿ, ಮೈಕಿನ ಅರಿವಿಲ್ಲದೆ ಅವರು ಹೇಳಿದರು:

"ನಂಗೂ ಕಾಣುದಿಲ್ಲ ಮಾರಾಯ್ತಿ. ಈ ಊರಿಗೆ ಬಂದ ಮೇಲೆ ಒಂದು ದಿನ ಕಂಡದ್ದಿಲ್ಲ. ಮೋಡ ಅಂತ ಮಾಡಿದ್ದೆ ನಾನು! ಇಷ್ಟು ಮದುವೆ ಮಾಡ್ಸಿದೆ, ಎಲ್ಲ ಹೆಣ್ಮಕ್ಕಳೂ ಕಂಡಿತು ಕಂಡಿತು ಅಂದ್ರು. ನನ್ನ ಕಣ್ಣಿಗೇ ಎಂತದೋ ಆಗಿದೆ ಅಂತ ಡಾಕ್ಟ್ರ ಹತ್ರ ಕೂಡ ಹೋಗಿ ಬಂದೆ."

ಮೊದಲು ನಕ್ಕವರು ಯಾರೋ ತಿಳಿಯದು. ನಗು ಸಾಲುಸಾಲಾಗಿ ಹಿಂದಕ್ಕೆ ಹೋಯಿತು. ವಿಭಾ ನಗಲಿಲ್ಲ. "ಭಟ್ರೇ, ಮಂಟಪದ ಸೆಟ್ ಇವತ್ತು ಉಲ್ಟಾ ಹಾಕಿದ್ದಾರೆ, ದೊಡ್ಡ ಸ್ಕ್ರೀನ್ ಕಾಣ್ಲಿ ಅಂತ. ನೀವು ತೋರಿಸ್ತಿರೋದು ಸೌತ್. ಆ ಕಡೆನೂ ಒಂದು ಧ್ರುವ ಇದೆ, ಇಲ್ಲಿಂದ ಅದೂ ಕಾಣಲ್ಲ. ಎರಡೂ ಎಲ್ಲಿವೆ ಅಂತ ನಮಗೆ ಗೊತ್ತು. ಕಾಣಿಸ್ತು ಅಂತ ಮಾತ್ರ ಹೇಳಲ್ಲ." ಹಾಗೆಂದವಳೇ ಬಲಗಡೆಗೆ, ಊಟದ ಸಾಲಿನ ಕಡೆಗೆ ಕೈಚಾಚಿದಳು. ಅಗಿಲನ್ ಎಡಗಡೆಗೆ, ದಕ್ಷಿಣಕ್ಕೆ ತೋರಿಸಿದ. ಗಂಟುಹಾಕಿದ ಸೆರಗು ಶಲ್ಯಗಳ ಆಚೀಚೆ ಎರಡು ಕೈಗಳು ಹಾಗೆ ಚಾಚಿ ನಿಂತವು.

ಮಂಟಪ ತಿರುಗಿ ನಿಂತದ್ದು ನನಗೇ ತಿಳಿದಿರಲಿಲ್ಲ! ಒಂದೊಂದು ತಟ್ಟೆಯ ಜಾಗ ಗೊತ್ತಿದ್ದವಳಿಗೆ ಪೂರ್ವಪಶ್ಚಿಮಗಳೇ ಅದಲುಬದಲಾದದ್ದು ಗೊತ್ತಾಗಲಿಲ್ಲ. ಆದರೆ ಅದಕ್ಕಾಗಿ ಹಳಹಳಿಸಲು ಸಮಯವಿರಲಿಲ್ಲ. ಅಗಿಲನ್‌ನ ತಾಯಿ ಎದ್ದು ಮಂಟಪ ಹತ್ತುತ್ತಿದ್ದರು. ಸುಮತಿ ಕಣ್ಣು ಮುಚ್ಚಿಕೊಂಡಳು. ಆ ತಾಯಿ ಸೊಸೆಯ ಗದ್ದ ಹಿಡಿದು, "ಪೊಯ್ ಸೊಲ್ಲಾದ ಪೊಣ್ಣು," ಎಂದರು, ಸುಳ್ಳು ಹೇಳದ ಹುಡುಗಿ ಎಂದು. ಮೈಕು ಅದನ್ನೂ ಎಲ್ಲರಿಗೂ ಮುಟ್ಟಿಸಿತು. ನಾದಸ್ವರದವರಿಗೆ ಅಷ್ಟು ಸಾಕಾಯಿತು, ಗಟ್ಟಿಯಾಗಿ ಊದಿದರು.

ಅಕ್ಷತೆ ಹಾಕಲು ನನ್ನ ಸರದಿ ಬಂದಾಗ ವಿಭಾ ನನ್ನ ಕೈ ಹಿಡಿದು ನಿಲ್ಲಿಸಿದಳು. "ದೊಡ್ಡಮ್ಮ, ನಿಮಗೆ? ಕಾಣಿಸ್ತಾ?"

ಮದುವೆಯೇ ಆಗದ ನನ್ನನ್ನು ಈ ವಯಸ್ಸಿನವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಉತ್ತರಕ್ಕೊಮ್ಮೆ ತಿರುಗಿ ನೋಡಿದೆ, ದಕ್ಷಿಣಕ್ಕೊಮ್ಮೆ ನೋಡಿದೆ, ಅವಸರ ಮಾಡದೆ, ಪರೀಕ್ಷಿಸಿಯೇ ಹೇಳಬೇಕಾದವಳ ಹಾಗೆ.

"ಇಲ್ಲ," ಎಂದೆ, ಕೊನೆಯ ಸಾಲಿಗೂ ಕೇಳುವಂತೆ.