ಕೊಟ್ಟೂರು ಕೌಬಾಯ್‌ಗಳ ಬಿಗಿದ ಸ್ಪ್ರಿಂಗು

ಯಾವ ಯಂತ್ರ ಕೆಟ್ಟರೂ ನಮ್ಮ ಜನ ಮಾಡುವ ಪ್ರಥಮ ಚಿಕಿತ್ಸೆ ಊದುವುದು. ಟಾರ್ಚಿನ ಸೆಲ್ಲಿಗೆ ಊದುತ್ತೇವೆ, ಸ್ಕೂಟರಿನ ಪ್ಲಗ್ಗಿಗೆ ಊದುತ್ತೇವೆ, ಟೇಪ್‌ರೆಕಾರ್ಡರಿನ ಬಾಯಿ ತೆರೆಸಿ ಊದುತ್ತೇವೆ, ಸತ್ತುಬಿದ್ದ ಟೆಲಿಫೋನಿಗೂ ಊದಿ ಅದು ಎದ್ದು ಕೂತೀತೆಂದು ಕಾಯುತ್ತೇವೆ. ಊದಿಯೂ ಗುಣವಾಗದಿದ್ದರೆ ಎರಡನೆಯ ಚಿಕಿತ್ಸೆ ಬಡಿಯುವುದು. ಈ ಎರಡು ಉಪಚಾರಗಳೂ ನಿಷಿದ್ಧವಾದ ಒಂದೇ ಒಂದು ವಸ್ತುವಾಗಿ ನನ್ನ ಪಾಲಿಗೆ ಬಂದದ್ದು ಗಾಳಿಬಂದೂಕು. ಅದನ್ನು ಬಡಿಯುವುದು ಅವಿವೇಕ. ಇನ್ನು ಬಂದೂಕಿನ ನಳಿಗೆಗೆ ಬಾಯಿಟ್ಟು ಊದುತ್ತಿರುವ ಅರ್ಥಶಾಸ್ತ್ರದ ಮೇಷ್ಟ್ರನ್ನು ದೂರದಿಂದ ನೋಡಿದವರು ಏನೆಂದುಕೊಳ್ಳಬೇಕು? ಪೊಲೀಸರಿಗೆ ಹೇಳಿದರೆ ಚಿಂತೆಯಿಲ್ಲ, ನನ್ನ ಹೆಂಡತಿಗೆ ಹೇಳಿದರೆ ಗತಿಯೇನು?

ಗ್ಯಾಸ್ ಸಿಲಿಂಡರಿನ ಕಿವಿ ತಿರುವಿದ್ದೇನೆಯೇ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಹಿಂತಿರುಗಿ ಬಂದು ನೋಡುವ ಜಾತಿಯವನು ನಾನು. ನನ್ನಂಥವನ ಕೈಗೆ ಬಂದೂಕು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಬಸಣ್ಣನ ದೆಸೆಯಿಂದ. ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಸಣ್ಣ ಹರೆಯದಲ್ಲಿ ಹೊಸಪೇಟೆಯ ಟಾಕೀಸುಗಳಲ್ಲಿ ಕುದುರೆ, ಟೋಪಿ, ಬಂದೂಕುಗಳ ಇಂಗ್ಲಿಷ್ ಸಿನಿಮಾಗಳನ್ನು ಭಾಷೆ ತಿಳಿಯದ ಕಾರಣಕ್ಕೇ ಪೂರ್ತಿ ನಂಬಿ ನೋಡಿದ್ದವನು. ದೇಹ ಕೊಟ್ಟೂರಿನ ಗಲ್ಲಾಪೆಟ್ಟಿಗೆಯ ಮುಂದೆ, ಆತ್ಮ ಅಮೆರಿಕದ ಮರುಭೂಮಿಯಲ್ಲಿ. ಆ ಆತ್ಮಕ್ಕೆ ಒಂದು ದಂಡು ಬೇಕಾಗಿತ್ತು. ಕೂಡ್ಲಿಗಿಯಲ್ಲಿ ಟೆಲಿಫೋನ್ ಇಲಾಖೆಯ ನೌಕರನಾಗಿದ್ದ ತಿಪ್ಪೇಸ್ವಾಮಿ, ಹಗರಿಬೊಮ್ಮನಹಳ್ಳಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ರುದ್ರಮುನಿ, ಇವರ ಜೊತೆಗೆ ನಾನು; ತಲೆಗೊಂದು ಗಾಳಿಬಂದೂಕು. ಐತವಾರ ಬೆಳಿಗ್ಗೆ ಉಜ್ಜಿನಿ ರಸ್ತೆಯ ಪಕ್ಕದ, ಕೆಲಸ ನಿಂತುಹೋದ ಕಲ್ಲಿನ ಕ್ವಾರಿಯಲ್ಲಿ ಟೋಪಿ ಹಾಕಿಕೊಂಡು ಸೇರುವುದು, ರುದ್ರಮುನಿಯ ಅಂಗಡಿಯ ಖಾಲಿ ವನಸ್ಪತಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ಹೊಡೆಯುವುದು. ಕುದುರೆಗಳ ಸ್ಥಾನದಲ್ಲಿ ಎರಡು ಮೊಪೆಡ್ ಇದ್ದವು. ಬಸಣ್ಣ ತನ್ನದನ್ನು ಬೇವಿನ ಮರದ ಕೆಳಗೆ ಸ್ಟ್ಯಾಂಡ್ ಹಾಕಿದ ಮೇಲೆ ಅದರ ಸೀಟನ್ನು ಎರಡು ಸಲ ಪ್ರೀತಿಯಿಂದ ತಟ್ಟುತ್ತಿದ್ದ.

ರುದ್ರಮುನಿಗೆ ಮೊಪೆಡ್ ಇರಲಿಲ್ಲ. ಬಂದೂಕನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲೇ ಬರುತ್ತಿದ್ದ. ಒಮ್ಮೆ ಕಂಡಕ್ಟರು, “ಏನ್ರಿ ಸಾಹುಕಾರ್ರ, ಚಾದರದಾಗ ಏನೈತಿ?” ಎಂದು ಕೇಳಿದನಂತೆ. “ಛತ್ರಿ ರೀ” ಎಂದು ರುದ್ರಮುನಿ ಹೇಳಿದ. ಕಂಡಕ್ಟರು ಕಿಟಕಿಯಿಂದ ಬಗ್ಗಿ, ಕಡು ಬೇಸಿಗೆಯ ನಿರಭ್ರ ಆಕಾಶವನ್ನು ದಿಟ್ಟಿಸಿ ನೋಡಿ, “ನಿಮ್ಮ ಬಾಯಾಗ ಸಕ್ರಿ ಬೀಳ್ಲಿ” ಎಂದು ಟಿಕೆಟ್ ಹರಿದುಕೊಟ್ಟನಂತೆ.

ಗಾಳಿಬಂದೂಕಿನ ಅಂತರಂಗ ಸೈಕಲ್ ಪಂಪಿನದೇ. ನಳಿಗೆಯನ್ನು ಕೈಯಿಂದ ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಹಿಂದೆ ಸರಿದು ಕಟಕ್ ಎಂದು ಕೂರುತ್ತದೆ. ಕುದುರೆ ಎಂದು ಕರೆಯುವ ಟ್ರಿಗರನ್ನು ಎಳೆದಾಗ ಅದೇ ಸ್ಪ್ರಿಂಗು ಮುಂದೆ ಚಿಮ್ಮಿ, ತೊಗಲಿನ ವಾಷರ್ ಕಟ್ಟಿದ ದಂಡದಿಂದ ಗಾಳಿಯನ್ನು ನೂಕಿ, ಸೀಸದ ಗುಂಡನ್ನು ಹೊರದಬ್ಬುತ್ತದೆ. ನಮ್ಮ ಬಿಸಿಲಿಗೆ ಆ ವಾಷರುಗಳು ಒಣಗಿ ಹಪ್ಪಳವಾಗುತ್ತಿದ್ದವು. ಆಗ ಗುಂಡು ನಳಿಗೆಯಿಂದ ಹೊರಟು, ಡಬ್ಬಿಯವರೆಗೆ ಹೋಗುವ ವಿಚಾರವನ್ನು ಪುನರ್‌ಪರಿಶೀಲಿಸಿ, ಹೊಡೆದವನ ಪಾದದ ಬಳಿಯೇ ವಿಶ್ರಮಿಸುತ್ತಿತ್ತು. ವಾಷರಿಗೆ ಹಾಕುವ ಎಣ್ಣೆ ಬೇರೆಯೇ ಇದೆಯಂತೆ, ಅದು ನಮ್ಮ ಸುತ್ತಲಿನ ಐದು ತಾಲೂಕುಗಳಲ್ಲಿ ಎಲ್ಲೂ ಸಿಗಲಿಲ್ಲ.

“ತೊಗಲಿಗೆ ಬೇಕಾದ್ದು ಎಣ್ಣಿ. ಎಣ್ಣಿ ಅಂದ ಮ್ಯಾಲೆ ನಮ್ಮ ಶೇಂಗಾ ಎಣ್ಣಿಗೇನು ಕಡಿಮಿ ಐತಿ?” ಎಂದು ರುದ್ರಮುನಿ ತನ್ನ ಅಂಗಡಿಯ ಗಾಣದೆಣ್ಣೆಯನ್ನು ಬಾಟಲಿಯಲ್ಲಿ ತಂದು ನಾಲ್ಕೂ ಬಂದೂಕುಗಳಿಗೆ ಧಾರಾಳವಾಗಿ ಕುಡಿಸಿದ. ಬಸಣ್ಣ ಗುರಿಯಿಟ್ಟು ಹೊಡೆದ. ಗಾಳಿಬಂದೂಕು ಎಂದೂ ಮಾಡದ ಢಂ ಎಂಬ ಮಹಾಶಬ್ದವಾಗಿ, ನಳಿಗೆಯಿಂದ ನೀಲಿ ಹೊಗೆ ಹೊರಟಿತು. ಒಳಗಿನ ಗಾಳಿ ಒತ್ತಡಕ್ಕೆ ಕಾದು ಎಣ್ಣೆಯನ್ನು ಹೊತ್ತಿಸಿತ್ತು ಎಂಬ ವಿಜ್ಞಾನ ನಮಗೆ ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ತಿಳಿದದ್ದು ಇಡೀ ಕ್ವಾರಿಯನ್ನು ವ್ಯಾಪಿಸಿದ ಮೆಣಸಿನಕಾಯಿ ಬಜಿಯ ಬಾಣಲೆಯ ಪರಿಮಳ ಮಾತ್ರ. ಡಬ್ಬಿ ಬೀಳಲಿಲ್ಲ, ಹಸಿವು ಎದ್ದಿತು. ತಿಪ್ಪೇಸ್ವಾಮಿ ಒಂದು ಹೊಡೆದ, ಹಸಿವು ಇಮ್ಮಡಿಸಿತು. ನನ್ನ ಸರದಿ ಬರುವಷ್ಟರಲ್ಲಿ ನಾವೆಲ್ಲ ಮೊಪೆಡ್ ಹತ್ತಿ ಮಂಡಕ್ಕಿ–ಮಿರ್ಚಿಯ ಅಂಗಡಿಯ ಕಡೆ ಧಾವಿಸಿದ್ದೆವು. ಅಂದಿನಿಂದ ನಮ್ಮ ಯಾವ ಪಂದ್ಯವೂ ಕೊನೆ ಮುಟ್ಟಲಿಲ್ಲ. ಮನೆಯಲ್ಲಿ ನನ್ನ ಅಂಗಿಯನ್ನು ಮೂಸಿದ ಹೆಂಡತಿ, “ಗುರಿ ಹೊಡಿಯಾಕ ಹೋಗಿದ್ರೋ, ಬಜಿ ಕರಿಯಾಕ ಹೋಗಿದ್ರೋ?” ಎಂದು ಕೇಳಿದಳು. ಎರಡರಲ್ಲಿ ಯಾವುದು ಹೆಚ್ಚು ಮರ್ಯಾದೆಯ ಉತ್ತರವೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಇಂಥ ಅರಾಜಕತೆಯಲ್ಲೂ ನಮಗೊಂದು ಕಾನೂನಿತ್ತು, ಅದನ್ನು ಮಾಡಿದವನು ಬಸಣ್ಣನೇ: ತನ್ನ ಬಂದೂಕಿನ ನಳಿಗೆಯನ್ನು ತಾನೇ ಬಗ್ಗಿಸಬೇಕು. ಗುಂಡು ಸಾಲ ಕೊಡಬಹುದು, ವಾಷರ್ ಬಿಚ್ಚಿಕೊಡಬಹುದು, ಬಂದೂಕನ್ನೇ ಎರವಲು ಕೊಡಬಹುದು, ಬಗ್ಗಿಸುವುದಕ್ಕೆ ಮಾತ್ರ ಇನ್ನೊಬ್ಬರ ಕೈ ಹಾಕುವಂತಿಲ್ಲ. ಒಮ್ಮೆ ನನ್ನ ಭುಜ ಉಳುಕಿದಾಗ, “ಬಗ್ಗಸಾಕ ಆಗದವ ಹೊಡಿಯಂಗಿಲ್ಲ ಮೇಷ್ಟ್ರ. ಕಾನೂನು ಅಂದ್ರ ಕಾನೂನು” ಎಂದು ಅವನು ನನ್ನನ್ನು ಬಂಡೆಯ ಹಿಂದೆ ಕೂರಿಸಿದ್ದ. ಬಂಡೆಯ ಹಿಂದೆ ಕೂರುವುದು ಸ್ವಭಾವತಃ ನನಗೆ ಪ್ರಿಯವಾದುದರಿಂದ ನಾನು ಆಕ್ಷೇಪಿಸಲಿಲ್ಲ.

ಆಮೇಲೊಂದು ವರ್ಷ, ಯುಗಾದಿಯ ಆಸುಪಾಸಿನಲ್ಲಿ, ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದಂತೆಯೇ ಬಸಣ್ಣ ಕುಸಿದುಬಿದ್ದ. ಲಕ್ವಾ. ಮಾತು ಮರಳಿತು, ನಡಿಗೆ ಮರಳಿತು, ಬಲಗೈ ಮಾತ್ರ ಅರ್ಧ ದಾರಿಯಲ್ಲಿ ನಿಂತಿತು. ಮಳೆಗಾಲ ಕಳೆದ ಮೇಲೆ ಒಂದು ಐತವಾರ ಅವನು ಕ್ವಾರಿಗೆ ಬಂದ. ನಳಿಗೆಯನ್ನು ಹಿಡಿದು ಎಳೆದ. ಅದು ಅರ್ಧ ಬಗ್ಗಿ, ಹಿಂದಕ್ಕೆ ಹೋಯಿತು. ಮತ್ತೆ ಎಳೆದ. ನಾವು ಮೂವರೂ ಏಕಕಾಲಕ್ಕೆ ವನಸ್ಪತಿ ಡಬ್ಬಿಗಳ ಸೌಂದರ್ಯವನ್ನು ವೀಕ್ಷಿಸತೊಡಗಿದೆವು.

“ಕೊಡಣ್ಣ, ನಾ ಬಗ್ಗಿಸಿ ಕೊಡ್ತೀನಿ” ಎಂದ ತಿಪ್ಪೇಸ್ವಾಮಿ.

“ಮುಟ್ಟಬ್ಯಾಡಲೇ. ಕಾನೂನು ನಂದು” ಎಂದ ಬಸಣ್ಣ. ಬಂದೂಕನ್ನು ಎಡಗೈಯಿಂದಲೇ ಕಷ್ಟಪಟ್ಟು ಸುತ್ತಿಟ್ಟು, “ಇನ್ನ ನೀವು ಹೊಡೀರಿ. ನಾ ಬರಂಗಿಲ್ಲ” ಎಂದು ಹೇಳಿ ಹೋದ.

ಮೂರ್ನಾಲ್ಕು ವಾರ ಕಳೆದ ಮೇಲೆ ಅವನ ಹೆಂಡತಿ ಗಿರಿಜಕ್ಕ ನನ್ನನ್ನು ತಡೆದು ನಿಲ್ಲಿಸಿದರು. “ಕೈ ಹೋಗಿದ್ದಕ್ಕ ಅತ್ತಿದ್ದಿಲ್ರಿ ಮೇಷ್ಟ್ರ. ಈಗ ಐತವಾರ ಬಂದ್ರ ಗೋಡಿ ಕಡಿ ಮಾರಿ ಮಾಡಿ ಮಲಗ್ತಾರ. ಅಂಗಡಿಗೂ ಒಲ್ಲೆ ಅಂತಾರ. ಏನರ ಮಾಡ್ರಿ, ಅವರು ಹಿಂಗ ಕುಂತ್ರ ಕುಂತೇ ಹೋಗ್ತಾರ.”

ಮಂಡಕ್ಕಿ ಅಂಗಡಿಯಲ್ಲಿ ಮೂವರೂ ಮಂತ್ರಾಲೋಚನೆಗೆ ಕೂತೆವು. ಅವನ ಬಂದೂಕಿನ ಸ್ಪ್ರಿಂಗನ್ನು ಕತ್ತರಿಸಿ ಮೆತ್ತಗೆ ಮಾಡೋಣವೆಂದ ತಿಪ್ಪೇಸ್ವಾಮಿ. ಬಸಣ್ಣನಿಗೆ ಗೊತ್ತಾದರೆ ನಮ್ಮನ್ನೇ ಕತ್ತರಿಸುತ್ತಾನೆಂದು ನಾನು ಚಿಂತಿಸಿದೆ. ಕಡೆಗೆ ರುದ್ರಮುನಿ ಮಿರ್ಚಿಯ ತೊಟ್ಟನ್ನು ತಟ್ಟೆಯಲ್ಲಿಟ್ಟು, “ಅವನ ಬಂದೂಕಿಗೆ ಏನೂ ಮಾಡಾದು ಬ್ಯಾಡ. ನಮ್ಮವೇ ಕೆಡಬೇಕು” ಎಂದ.

ಕೆಟ್ಟ ಬಂದೂಕಿನ ಸುದ್ದಿ ಕೇಳಿ ಮಲಗಿರುವ ಶಕ್ತಿ ಬಸಣ್ಣನಿಗೆ ಇರಲಿಲ್ಲ. “ಮೂರಕ್ಕೂ ಏನಾತಲೇ ಒಮ್ಮಿಗೇ?” ಎಂದು ಬೈಯುತ್ತಲೇ ಮುಂದಿನ ಐತವಾರ ಕ್ವಾರಿಗೆ ಬಂದ, ತನ್ನ ಬಂದೂಕನ್ನೂ ಅಭ್ಯಾಸಬಲದಿಂದ ತಂದ. ರುದ್ರಮುನಿ ಮೊದಲು ಕುಕ್ಕರಗಾಲಲ್ಲಿ ಕೂತು, ನಳಿಗೆ ಹಿಡಿದು, ಮುಖ ಕೆಂಪಗಾಗುವಂತೆ ತಿಣುಕಿದ. “ಸ್ಪ್ರಿಂಗ್ ಬಿಗದೈತಿ ಬಸಣ್ಣ. ಹಿಂದ ಒಂದೀಟು ಒತ್ತಿ ಹಿಡಿಯಪ್ಪ.” ಬಸಣ್ಣ ಎಡಗೈ ಮತ್ತು ಮೊಣಕಾಲಿನಿಂದ ಹಿಡಿಯನ್ನು ಒತ್ತಿದ, ರುದ್ರಮುನಿ ಎಳೆದ, ಕಟಕ್ ಎಂದಿತು. ತಿಪ್ಪೇಸ್ವಾಮಿಯದೂ ಹಾಗೆಯೇ ಆಯಿತು; ಅವನು ಅನಗತ್ಯವಾಗಿ ಒಂದು ನರಳಾಟವನ್ನೂ ಸೇರಿಸಿದ.

ಇನ್ನು ನನ್ನ ಸರದಿ. ನಟನೆಯಲ್ಲಿ ಏನಾದರೂ ಎಡವಟ್ಟಾದರೆ ಎಂಬ ಭಯಕ್ಕೆ ನಾನು ಹಿಂದಿನ ದಿನವೇ ಬಂದೂಕನ್ನು ಬಿಚ್ಚಿ, ಒರೆಸಿ, ಕೀಲಿಗೆಲ್ಲ ಎಣ್ಣೆ ಬಿಟ್ಟಿದ್ದೆ. ಬಗ್ಗಿಸಲಾಗದ ನಾಟಕಕ್ಕೆ ಬಂದೂಕು ಸುಸ್ಥಿತಿಯಲ್ಲಿರಬಾರದೆಂಬುದು ನನಗೆ ಹೊಳೆದಿರಲಿಲ್ಲ. ಹಿಡಿದು ಸುಮ್ಮನೆ ಎಳೆದದ್ದಷ್ಟೆ, ಅಷ್ಟು ವರ್ಷದ ಮಾಲೀಕತ್ವದಲ್ಲಿ ಮೊದಲ ಬಾರಿಗೆ ಅದು ಬೆಣ್ಣೆಯಂತೆ ಬಗ್ಗಿ ಕಟಕ್ ಎಂದಿತು. ಗಾಬರಿಯಿಂದ ಮುಚ್ಚಿ ಮತ್ತೆ ಎಳೆದೆ. ಸ್ಪ್ರಿಂಗು ಆಗಲೇ ಹಿಂದೆ ಹೋಗಿ ಕೂತಿದ್ದರಿಂದ ಈ ಸಲ ನಳಿಗೆ ತಿರುಗಣಿ ಸಡಿಲಾದ ಕಿಟಕಿಯ ಬಾಗಿಲಿನಂತೆ ತೂಗಾಡಿತು. ಹಾಗೆ ತೂಗಾಡುತ್ತಿದ್ದ ನಳಿಗೆಯನ್ನೇ ಹಿಡಿದುಕೊಂಡು ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, “ಅಯ್ಯೋ, ಭಾಳ ಬಿಗದೈತಿ” ಎಂದು ತಿಣುಕಿದೆ.

ಬಸಣ್ಣ ನನ್ನನ್ನು ನೋಡಿದ, ನಳಿಗೆಯನ್ನು ನೋಡಿದ, ಉಳಿದಿಬ್ಬರನ್ನು ನೋಡಿದ.

“ಲೇ, ನನ್ನ ಕೈಗೆ ಹೊಡದ ಲಕ್ವಾ ನಿಮ್ಮ ಬಂದೂಕಿಗೂ ಹೊಡದೈತೇನಲೇ?”

ಅವನ ಮುಖದ ಒಂದು ಬದಿ ಮೊದಲು ನಕ್ಕಿತು. ಇನ್ನೊಂದು ಬದಿ ತಡವಾಗಿ ಬಂದು ಸೇರಿಕೊಂಡಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡವನು, “ಇಂಥಾ ಸುಳ್ಳು ನಾಟಕ ನಾ ಹುಟ್ಟಿದಾಗಿಂದ ನೋಡಿದ್ದಿಲ್ಲ. ಮೇಷ್ಟ್ರ, ಮೊದಲ ಆ ಬಂದೂಕ ಕೆಳಗಿಡ್ರಿ, ನಿಮ್ಮ ಕಾಲಿಗೇ ಹಾರೀತು” ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ಶಾಸನ ಹೊರಡಿಸುವ ಧ್ವನಿಯಲ್ಲಿ, “ಕಾನೂನು ತಿದ್ದೇನಿ. ಇನ್ನ ಮುಂದ ಯಾರೂ ಒಬ್ಬರೇ ಬಗ್ಗಸಂಗಿಲ್ಲ. ಇಬ್ಬರು ಹಿಡದೇ ಬಗ್ಗಸ್ಬೇಕು. ಕೈಕಾಲು ನೆಟ್ಟಗಿದ್ದವರಿಗೂ ಇದೇ ಕಾನೂನು” ಎಂದ.

ಉಪಕಾರ ಪಡೆಯುವವನ ಮರ್ಯಾದೆ ಉಳಿಯಬೇಕಾದರೆ ಉಪಕಾರ ಮಾಡುವವರು ಸ್ವಲ್ಪ ಮೂರ್ಖರಾಗಿ ಕಾಣುವುದೇ ಒಳ್ಳೆಯದೇನೋ. ಆ ಒಂದು ಅರ್ಹತೆ ನನ್ನಲ್ಲಿ ಯಾವ ಶ್ರಮವೂ ಇಲ್ಲದೆ ಸಿದ್ಧವಾಗಿತ್ತು ಎಂಬುದು ಈಗಲೂ ನನ್ನ ಸಣ್ಣ ಹೆಮ್ಮೆ.

ಬಸಣ್ಣ ತನ್ನ ಬಂದೂಕಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಹಿಡಿಯನ್ನು ತೊಡೆಗೆ ಒತ್ತಿಕೊಂಡು ನಳಿಗೆಯನ್ನು ನನ್ನ ಕಡೆ ಚಾಚಿದ. ಇಬ್ಬರೂ ಸೇರಿ ಬಗ್ಗಿಸಿದೆವು. ಈ ಬಾರಿ ನಿಜವಾಗಿಯೂ ಬಿಗಿಯಾಗಿತ್ತು. ಬಂಡೆಯ ಮೇಲೆ ನಳಿಗೆಯನ್ನು ಊರಿ, ಎಡಗೈಯಲ್ಲಿ ಕುದುರೆ ಹಿಡಿದು, ತುಂಬ ಹೊತ್ತು ಗುರಿಯಿಟ್ಟು ಹೊಡೆದ. ಗುಂಡು ಡಬ್ಬಿಯಿಂದ ಒಂದು ಮಾರು ಆಚೆಯ ಕಲ್ಲಿಗೆ ತಾಗಿ ಚಿಟ್ಟೆಂದಿತು.

“ಗಾಳಿ ಐತಿ ಇವತ್ತು” ಎಂದ ಬಸಣ್ಣ.

ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ನಾವು ಮೂವರೂ ಟೋಪಿ ಹಾರಿಹೋಗದಂತೆ ಗಟ್ಟಿಯಾಗಿ ಹಿಡಿದುಕೊಂಡೆವು.